ಸೋಮವಾರ ಕಾಣದ ಗಾಡಿ

ಡಯಾಲಿಸಿಸ್ ಕೇಂದ್ರದ ಸಿಸ್ಟರ್ ಫೋನ್ ಮಾಡಿದಾಗ ನಾನು ಕಾಲೇಜಿನ ಲ್ಯಾಬಿನಲ್ಲಿದ್ದೆ. "ನಿಮ್ಮ ಚಿಗವ್ವಾರು ತಪ್ಪಸಾಕತ್ತಾರ್ರಿ. ವಾರಕ್ಕ ಎರಡ ಸಲ ಬರಬೇಕು, ಒಂದ ಸಲ ಬರತಾರ. ಮೈಯಾಗ ನೀರು ತುಂಬಿರ್ತೈತಿ. ಅಷ್ಟೂ ಒಮ್ಮೆಲೆ ತಗಿಯಾಕ ಹೋದ್ರ ಬಿ.ಪಿ. ಇಳೀತೈತಿ. ನೀವರ ಸ್ವಲ್ಪ ಹೇಳ್ರಿ."

ಇಷ್ಟು ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಯಾವ ದಿನ ತಪ್ಪಿಸುತ್ತಿದ್ದಾಳೆ ಎಂದು ಅವರು ಹೇಳಿದರೋ ಇಲ್ಲವೋ, ಅದು ಮಾತ್ರ ನೆನಪಿಲ್ಲ. ಹೇಳಿರಲೇಬೇಕು ಎಂದು ಈಗ ಅನ್ನಿಸುತ್ತದೆ. ಆದರೆ ಅನಂತರ ಗೊತ್ತಾದ ಸಂಗತಿಯನ್ನು ಹಿಂದಿನ ಮಾತಿನೊಳಗೆ ತುರುಕಿ ನೆನಪಿಟ್ಟುಕೊಳ್ಳುವ ಅಭ್ಯಾಸ ನನಗಿದೆ. ದಿನಾ ದಿನಚರಿ ಬರೆಯುವವಳಾದ್ದರಿಂದ ಅದು ಆಗಾಗ ಸಿಕ್ಕಿಬೀಳುತ್ತದೆ. ಹೀಗಾಗಿ ಇಲ್ಲಿ ಬರೆಯುವುದನ್ನೂ ಅಷ್ಟರಮಟ್ಟಿಗೇ ನಂಬಬೇಕು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಮುನವಳ್ಳಿಯಲ್ಲಿರುತ್ತಾಳೆ. ಮಗ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯಲು ಎಂ.ಕೆ. ಹುಬ್ಬಳ್ಳಿಯ ಕಡೆಗೆ ಹೋದರೆ ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಮನೆಯಲ್ಲಿ ಸೊಸೆ ಮತ್ತು ಸಣ್ಣ ಮಕ್ಕಳು. ಮೂತ್ರಪಿಂಡ ಕೈಕೊಟ್ಟ ಮೇಲೆ ಚಿಗವ್ವನಿಗೆ ಬೈಲಹೊಂಗಲದ ಕೇಂದ್ರದಲ್ಲಿ ಸೋಮವಾರ ಮತ್ತು ಗುರುವಾರ ಕುರ್ಚಿ ಗೊತ್ತಾಗಿತ್ತು. ಕುರ್ಚಿ ಎಂದರೆ ಯಂತ್ರದ ಪಕ್ಕದ ಒರಗುಕುರ್ಚಿ. ಅದು ಸಿಗಲು ಜನ ಸರದಿ ಕಾಯುತ್ತಾರೆ. ನಾನು ಅದೇ ಊರಿನಲ್ಲಿ ಇರುವುದರಿಂದ ಕೇಂದ್ರದಲ್ಲಿ ನನ್ನ ನಂಬರು ಕೊಟ್ಟಿದ್ದೆವು.

ಆ ಸಂಜೆ ಚಿಗವ್ವನಿಗೆ ಫೋನ್ ಮಾಡಿದೆ.

"ಯಾಕ ಚಿಗವ್ವ, ತಪ್ಪಸಾಕತ್ತೀಯಂತ?"

"ನಾ ಎಲ್ಲಿ ತಪ್ಪಸ್ಲಿ? ಗಾಡಿ ಸಿಗಲಿಲ್ಲ, ಬರಲಿಲ್ಲ."

"ಬಸ್ಸಿಗೆ ಬರಬೇಕಿಲ್ಲೇನು?"

"ಬಸ್ಸಿಗೆ ಬರೂದು ದೊಡ್ಡದಲ್ಲವ್ವಾ, ಹೋಗೂದು. ರಕ್ತ ತೊಳಕೊಂಡ ಮ್ಯಾಲ ಕಾಲಾಗ ಜೀವ ಇರಂಗಿಲ್ಲ. ಹೋದ ಸಲ ಯರಗಟ್ಟಿ ಸ್ಟ್ಯಾಂಡಿನ್ಯಾಗ ಬಿದ್ದಿದ್ನಲ್ಲ, ಕುಡದಾಳ ಅಂದ್ಕೊಂಡ್ರೋ ಏನೋ, ಯಾರೂ ಹಂತ್ಯಾಕ ಬರಲಿಲ್ಲ." ಹೀಗೆ ಹೇಳಿ ಅವಳೇ ನಕ್ಕಳು. ಬಾಡಿಗೆ ಕಾರು ಮಾಡೋಣವೆಂದರೆ ಒಪ್ಪುವವಳಲ್ಲ. ವಾರದ ದಿನಗಳಲ್ಲಿ ನನಗೆ ಬೆಳಗಿನಿಂದ ಪಾಠ, ನನ್ನ ಬಳಿ ಇರುವುದು ಸ್ಕೂಟಿ.

ಅವಳು ಗಾಡಿ ಎಂದಿದ್ದು ಸಂಘದ ವ್ಯಾನಿಗೆ. ಸುತ್ತಲಿನ ನಾಲ್ಕು ತಾಲೂಕಿನ ಕೆಲವು ರೈತರು ಸೇರಿ ಕಟ್ಟಿಕೊಂಡ ಸಂಘ ಅದು. ಮೊದಲು ಎತ್ತಿನ ಜೋಡಿ, ಬಿತ್ತುವ ಕೂರಿಗೆಗಳನ್ನು ಒಬ್ಬರಿಗೊಬ್ಬರು ಬಾಡಿಗೆಗೆ ಕೊಡಲು ಒಂದು ವೆಬ್‌ಸೈಟ್ ಮಾಡಿಸಿದರು. ರಾಮದುರ್ಗದ ಒಬ್ಬ ಹೈಸ್ಕೂಲು ಮಾಸ್ತರು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದರು. ಆಮೇಲೆ ಸಂಘಕ್ಕೆ ಒಂದು ವ್ಯಾನು ಬಂತು. ರೋಗಿಗಳಿಗೆ, ಬಾಣಂತಿಯರಿಗೆ, ಪರೀಕ್ಷೆಗೆ ಹೋಗುವವರಿಗೆ ಎಂದು ಅದನ್ನೂ ಅದೇ ವೆಬ್‌ಸೈಟಿಗೆ ಸೇರಿಸಿದರು. ಪುಟ ತೆರೆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾಲ್ಕು ಗುಂಡಿ. ಕೆಳಗೆ ತಾರೀಖು. ತಾರೀಖಿನ ಜಾಗದಲ್ಲಿ ತಾನಾಗಿಯೇ 'ನಾಳೆ' ಬಂದಿರುತ್ತದೆ. ಒತ್ತಿದರೆ ಆ ದಿನ ಸಿಗುವ ಎತ್ತು, ಕೂರಿಗೆ, ವ್ಯಾನು ಕಾಣುತ್ತವೆ. ಮೊದಲು ಜನ ಡ್ರೈವರನಿಗೇ ಫೋನ್ ಮಾಡುತ್ತಿದ್ದರು. ಪದಾಧಿಕಾರಿಗಳ ಬೀಗರಿಗೇ ಗಾಡಿ ಸಿಗುತ್ತದೆ ಎಂದು ಜಗಳವಾಗಿ, ವೆಬ್‌ಸೈಟಿನಲ್ಲಿ ಮುಂಗಡವಾಗಿ ಹಿಡಿದವರಿಗಷ್ಟೇ ಗಾಡಿ ಎಂದು ಠರಾವು ಮಾಡಿದರು. ನ್ಯಾಯವಾದ ಠರಾವು. ಅದನ್ನು ನಾನೂ ಮೆಚ್ಚಿಕೊಂಡಿದ್ದೆ.

ವೆಬ್‌ಸೈಟಿನಲ್ಲಿ ದೋಷವಿರಬೇಕು, ನೋಡೋಣ ಅಂದುಕೊಂಡೆ. ನಾನು ಕಲಿಸುವುದೇ ಅದನ್ನು. ಬ್ರೌಸರಿನಲ್ಲಿ ಎಫ್ ಹನ್ನೆರಡು ಒತ್ತಿದರೆ ಪುಟದ ಒಳಗಿನ ನರನಾಡಿ ಎಲ್ಲ ಕಾಣುವ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಒಂದು ಕಡೆ ಕನ್ಸೋಲ್, ಅಲ್ಲಿ ತಪ್ಪುಗಳು ಕೆಂಪು ಸಾಲಾಗಿ ಬೀಳುತ್ತವೆ. ಇನ್ನೊಂದು ಕಡೆ ಪುಟವು ಸರ್ವರಿಗೆ ಏನು ಕೇಳಿತು, ಸರ್ವರು ಏನು ಕೊಟ್ಟಿತು ಎಂಬ ವಿವರ. ಈ ಕಿಟಕಿ ತೆರೆದಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ನನಗೂ ಒಳಗೊಳಗೆ ಒಂದು ಹೆಮ್ಮೆ, ಇದರಿಂದ ಏನನ್ನೂ ಮುಚ್ಚಿಡಲಾಗದು ಎಂದು.

ಮಾಸ್ತರರಿಗೆ ಫೋನ್ ಮಾಡಿದೆ. ವೆಬ್‌ಸೈಟನ್ನು ತಿದ್ದುವ ಹಕ್ಕನ್ನು ಸಂತೋಷದಿಂದಲೇ ಕೊಟ್ಟರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು 'ಬಾಯಾರ' ಎಂದೇ ಕರೆಯುವುದು. "ನೋಡ್ರಿ ಬಾಯಾರ, ನಾ ಗಣಿತದ ಮಾಸ್ತರ. ಯೂಟ್ಯೂಬ್ ನೋಡಿ ಮಾಡೇನಿ. ಒಳಗ ಏನೇನ ಅಡಗಿ ಮಾಡಿಟ್ಟೇನೋ ನನಗ ನೆನಪಿಲ್ಲ."

ಕನ್ಸೋಲಿನಲ್ಲಿ ಕೆಂಪು ಸಾಲುಗಳಿದ್ದವು. ಅವನ್ನು ಕಂಡು ಎಷ್ಟು ಸಮಾಧಾನವಾಯಿತೆಂದರೆ, ರೋಗ ಸಿಕ್ಕಿತು ಎಂದು ಆಗಲೇ ಚಿಗವ್ವನಿಗೆ ಹೇಳಿಬಿಟ್ಟೆ. ಒಂದು ಚಿತ್ರ ಇದ್ದ ಜಾಗದಿಂದ ಕಾಣೆಯಾಗಿತ್ತು. ಅಕ್ಷರದ ಫೈಲೊಂದು ಬರುತ್ತಿರಲಿಲ್ಲ. ನಕ್ಷೆ ತೋರಿಸುವ ಭಾಗ ಹಳೆಯದಾಗಿ ಸತ್ತುಹೋಗಿತ್ತು. ಒಂದೊಂದನ್ನೇ ಸರಿಮಾಡಿದೆ. ಕೆಂಪು ಪೂರ್ತಿ ಹೋಯಿತು. ಪುಟ ಚಂದವಾಗಿ, ಬೇಗನೆ ತೆರೆಯತೊಡಗಿತು. ವ್ಯಾನು ಕಾಣುತ್ತಿತ್ತು. ಮೊದಲೂ ಕಾಣುತ್ತಲೇ ಇತ್ತು ಎಂಬುದರ ಕಡೆಗೆ ನನ್ನ ಗಮನ ಹೋಗಲಿಲ್ಲ.

ಮುಂದಿನ ವಾರ ಸಿಸ್ಟರ್ ಮತ್ತೆ ಫೋನ್ ಮಾಡಿದರು.

"ಗಾಡಿ ಇರಲಿಲ್ಲವ್ವಾ," ಎಂದಳು ಚಿಗವ್ವ.

"ನಾ ನೋಡೀನಲ್ಲ, ಬರೋಬ್ಬರಿ ಐತಿ."

"ನೀ ನೋಡಿದಾಗ ಬರೋಬ್ಬರಿ ಇರ್ತೈತಿ. ದೊಡ್ಡ ಸಾಲಿ ಕಲತಾಕಿ, ನಿನಗ ಅಂಜತೈತಿ. ನನಗ್ಯಾಕ ಅಂಜತೈತಿ?"

ಅವಳ ಫೋನನ್ನು ಸಂಶಯಿಸಿದೆ. ಮುನವಳ್ಳಿಯ ಟವರನ್ನು ಸಂಶಯಿಸಿದೆ. ಸೊಸೆ ತಪ್ಪು ತಾಲೂಕಿನ ಗುಂಡಿ ಒತ್ತುತ್ತಿರಬೇಕು ಎಂದು ಅವಳಿಗೆ ಫೋನಿನಲ್ಲಿಯೇ ಪಾಠ ಮಾಡಿದೆ. ಪಾಪ, "ಹೂನ್ರಿ ಅಕ್ಕಾರ" ಎನ್ನುತ್ತ ಕೇಳಿಸಿಕೊಂಡಳು. ಲ್ಯಾಬಿನಲ್ಲಿ ಬಿಡುವಾದಾಗಲೆಲ್ಲ ಪುಟ ತೆರೆದು ಒತ್ತಿ ನೋಡುತ್ತಿದ್ದೆ. ಮಂಗಳವಾರ ನೋಡಿದೆ, ಬುಧವಾರ ನೋಡಿದೆ, ಶುಕ್ರವಾರ ನೋಡಿದೆ. ಪ್ರತಿಸಲವೂ ನಾಳೆಗೆ ವ್ಯಾನು ಇತ್ತು. ತಪ್ಪು ಇದ್ದಾಗ ಹುಡುಕುವುದು ಗೊತ್ತು. ಎಲ್ಲ ಸರಿ ಇದ್ದೂ ಒಬ್ಬಳಿಗೆ ಮಾತ್ರ ಗಾಡಿ ಸಿಗದಿದ್ದರೆ ಎಲ್ಲಿ ಕೈ ಹಾಕುವುದು? ಒಂದು ಹಂತದಲ್ಲಿ ಚಿಗವ್ವನ ಮೇಲೆಯೇ ಸಂಶಯ ಬಂತು. ಸೂಜಿಗೆ ಹೆದರಿ ಗಾಡಿಯ ನೆವ ಹೇಳುತ್ತಿರಬಹುದೇ? ಆ ಮಾತನ್ನು ಅವಳಿಗೆ ಆಡಲಿಲ್ಲ ಎಂದುಕೊಂಡಿದ್ದೇನೆ.

ಒಂದು ಭಾನುವಾರ ನಾನೇ ಮುನವಳ್ಳಿಗೆ ಹೋದೆ. ಚಿಗವ್ವ ಪಡಸಾಲೆಯಲ್ಲಿ ಗೋಡೆಗೆ ಆತು ಕುಳಿತಿದ್ದಳು. ಕಾಲು ಬಾತು ಕಾಲುಂಗುರ ಬೆರಳಿನೊಳಗೆ ಹುಗಿದುಹೋಗಿತ್ತು. ಅವಳು ನೀರು ಹೆಚ್ಚು ಕುಡಿಯುವ ಹಾಗಿಲ್ಲ. ಬಾಯಾರಿದರೆ ಒಂದು ಗುಟುಕು ಬಾಯಲ್ಲಿ ಹಿಡಿದು, ಆಚೀಚೆ ಆಡಿಸಿ, ಹೊರಗೆ ಉಗುಳಿ ಬರುತ್ತಿದ್ದಳು. ಉಗುಳುವಾಗ ಅವಳ ಮುಖ ನೋಡುವುದು ನನ್ನಿಂದಾಗಲಿಲ್ಲ.

"ನನ್ನ ಎದುರಿಗೆ ಗಾಡಿ ಹಿಡಿ ನೋಡೋಣ," ಎಂದು ಸೊಸೆಗೆ ಹೇಳಿದೆ.

ಅವಳು ಫೋನ್ ತೆರೆದಳು. ಸವದತ್ತಿ ಒತ್ತಿದಳು. ತಾರೀಖು ನಾಳೆಯದಿತ್ತು. ಎಲ್ಲ ಸರಿಯಾಗಿಯೇ ಮಾಡಿದಳು. ಪುಟ ಖಾಲಿ ಬಂತು. ಎತ್ತಿಲ್ಲ, ಕೂರಿಗೆ ಇಲ್ಲ, ವ್ಯಾನಿಲ್ಲ. ಏನೂ ಇಲ್ಲದ ಬಿಳಿ ಪುಟ.

"ನೋಡ್ರಿ, ಇಲ್ಲ," ಎಂದು ಅವಳು ಫೋನ್ ಕೆಳಗಿಟ್ಟಳು. ಅವಳ ಧ್ವನಿಯಲ್ಲಿ ಆಶ್ಚರ್ಯವೇ ಇರಲಿಲ್ಲ.

"ಯಾಕ ಇಲ್ಲ?"

"ನಾಳೆ ಸೋಮಾರ ಅಲ್ರಿ?"

"ಸೋಮಾರ ಆದ್ರ ಏನಾತು?"

ಅವಳು ಚಿಗವ್ವನ ಮುಖ ನೋಡಿದಳು, ಚಿಗವ್ವ ನನ್ನ ಮುಖ ನೋಡಿದಳು. "ಬೈಲಹೊಂಗಲಕ್ಕ ಹೋಗಿ ಇಕಿ ಧರ್ಮ ಮರತಾಳ ನೋಡು," ಎಂದಳು ಚಿಗವ್ವ. "ಸೋಮಾರ ಯಾರರ ಹೂಡತಾರೇನ?"

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ನಮ್ಮ ಮನೆಯಲ್ಲೂ ಹಾಗೆಯೇ. ಅಪ್ಪ ಅಂದು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಸುಮ್ಮನೆ ಬಿಡುತ್ತಿದ್ದ. ಬಿತ್ತಿಗೆಯ ಹದ ತಪ್ಪಿದರೂ ಸರಿ, ಸೋಮವಾರ ಹೂಡಿದವರನ್ನು ಊರು ಆಡಿಕೊಳ್ಳುತ್ತಿತ್ತು. ಹೀಗಾಗಿ ಸೋಮವಾರ ಗಾಡಿ ಇಲ್ಲ ಎಂದರೆ ಇಲ್ಲಿ ಯಾರಿಗೂ ಏನೂ ವಿಚಿತ್ರವೆನ್ನಿಸುವುದಿಲ್ಲ. ಸಿಸ್ಟರ್ ಸೋಮವಾರ ಎಂದು ನನಗೆ ಹೇಳಿರಬಹುದು. ಹೇಳಿದ್ದರೂ ಅದು ನನ್ನ ಕಿವಿಗೆ ಸುದ್ದಿಯಂತೆ ಬಿದ್ದಿರಲಾರದು. ಸೋಮವಾರ ಕೆಲವು ಕೆಲಸ ಆಗುವುದಿಲ್ಲ ಎಂದು ತಿಳಿದೇ ಬೆಳೆದವಳು ನಾನು.

"ಅದು ಎತ್ತಲ್ಲ ಚಿಗವ್ವ, ವ್ಯಾನು. ಡೀಸೆಲ್ ಹಾಕತಾರ ಅದಕ್ಕ, ಹುಲ್ಲಲ್ಲ."

"ಅದು ನನಗ ಗೊತ್ತಿಲ್ಲೇನ? ಸಂಘದ ಗಾಡಿ ಅಲ್ಲೇನ, ಸಂಘದಾಗ ಹಂಗ ನೇಮ ಮಾಡಿರಬೇಕು ಅಂದ್ಕೊಂಡ್ನಿ. ದೇವರ ನೇಮಕ್ಕ ನಾ ಯಾಕ ಅಡ್ಡ ಮಾತಾಡ್ಲಿ?"

ಈ ಮಾತುಕತೆಯನ್ನು ದಿನಚರಿಯಲ್ಲಿ ಬೇರೆ ರೀತಿ ಬರೆದಿದ್ದೇನೆ. ಖಾಲಿ ಪುಟ ಕಂಡ ಕೂಡಲೇ ನನಗೇ ಸೋಮವಾರ ಹೊಳೆಯಿತು ಎಂದಿದೆ ಅಲ್ಲಿ. ಈಗ ಕಣ್ಣುಮುಚ್ಚಿದರೆ ಸೊಸೆಯ ಧ್ವನಿಯೇ ಮೊದಲು ಕೇಳುತ್ತದೆ. ಎರಡರಲ್ಲಿ ಯಾವುದು ನಿಜವೋ ನನಗೆ ಗೊತ್ತಿಲ್ಲ.

ಮರುದಿನ ಲ್ಯಾಬಿನಲ್ಲಿ ಕುಳಿತು, ತಾರೀಖನ್ನು ಕೈಯಾರೆ ಬದಲಿಸಿ, ಮುಂದಿನ ಸೋಮವಾರವನ್ನು ಆರಿಸಿದೆ. ಬಿಳಿ ಪುಟ. ಕನ್ಸೋಲಿನಲ್ಲಿ ಒಂದು ಕೆಂಪು ಸಾಲೂ ಇಲ್ಲ. ಸರ್ವರು ಕೊಟ್ಟ ಉತ್ತರ ತೆರೆದು ನೋಡಿದರೆ ಅದರಲ್ಲಿ ವ್ಯಾನು ಇತ್ತು. ಅಲ್ಲಿಂದ ಹೊರಟ ವ್ಯಾನು ಪುಟಕ್ಕೆ ಬಂದು ಸೇರುತ್ತಿರಲಿಲ್ಲ. ಕೋಡನ್ನು ನಡುವೆ ತಡೆದು ನಿಲ್ಲಿಸುವ ಗುರುತು ಹಾಕಿ ಒಂದೊಂದೇ ಸಾಲು ಮುಂದೆ ಬಿಟ್ಟೆ. ಒಂದು ಸಾಲಿನಲ್ಲಿ ವ್ಯಾನು ಇತ್ತು. ಮುಂದಿನ ಸಾಲಿನಲ್ಲಿ ಇರಲಿಲ್ಲ. ಆ ಎರಡರ ನಡುವೆ ಇದ್ದದ್ದು ಇಷ್ಟೇ: ವಾರ ಸೋಮವಾರವಾಗಿದ್ದರೆ ಪಟ್ಟಿಯನ್ನು ಖಾಲಿ ಮಾಡು.

ಮಾಸ್ತರರಿಗೆ ಫೋನ್ ಮಾಡಿದೆ. ಮೊದಲು ನಕ್ಕರು. "ಹೌದ್ರಿ, ಹಿರ್ಯಾರು ಹೇಳಿದ್ರು. ಸೋಮಾರ ಎತ್ತು ತೋರಸಿದ್ರ ಸಂಘದ ಮಾನ ಹೋಕ್ಕೈತಿ ಅಂತ. ಆಗ ವ್ಯಾನ ಎಲ್ಲಿತ್ರಿ? ಆಮ್ಯಾಲ ಬಂತು, ಎತ್ತಿನ ಸಾಲಿನ್ಯಾಗ ಅದನ್ನೂ ಕಟ್ಟಿಬಿಟ್ಟೆ." ಆಮೇಲೆ ನಗು ನಿಲ್ಲಿಸಿ, "ಅಲ್ರಿ ಬಾಯಾರ, ಒಬ್ಬರರ ಕೇಳಬೇಕಿಲ್ಲ? ನಾಕ ತಾಲೂಕಿನ ಮಂದಿ, ಒಬ್ಬರೂ ಒಂದ ಮಾತ ಅನ್ನಲಿಲ್ಲ ನೋಡ್ರಿ," ಎಂದರು.

ವ್ಯಾನಿನ ಡ್ರೈವರನೂ ಅನ್ನಲಿಲ್ಲ. "ನನಗ ಸೋಮಾರ ಫೋನಿಗೆ ಏನೂ ಬರ್ತಿರಲಿಲ್ರಿ ಅಕ್ಕಾರ. ಇಂಜಿನ್ನಿಗೂ ಬಸವಣ್ಣ ಸೂಟಿ ಕೊಟ್ಟಾನ ಅಂತ ತಿಳಕೊಂಡು ಮಕ್ಕೊಂತಿದ್ನಿ," ಎಂದ. "ಈಗ ನೀವು ಅದನ್ನ ಕಿತ್ತಿರಿ. ನನ್ನ ಹೇಣ್ತಿ ನಿಮಗ ಭಾಳ ನೆನಸತಾಳ ಬಿಡ್ರಿ."

ತಿದ್ದಲು ಏನೂ ಹೊತ್ತು ಹಿಡಿಯಲಿಲ್ಲ. ಎತ್ತಿಗೆ ಸೋಮವಾರದ ಬಿಡುವನ್ನು ಹಾಗೆಯೇ ಉಳಿಸಿ ವ್ಯಾನನ್ನು ಅದರಿಂದ ಬಿಡಿಸಿದೆ. ಕೂರಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಎತ್ತಿನ ಜೊತೆಗೇ ಬಿಟ್ಟೆ. ಮತ್ತೆ ಒತ್ತಿ ನೋಡಿದೆ. ಸೋಮವಾರ, ವ್ಯಾನು, 'ಹಿಡಿಯಿರಿ' ಎಂಬ ಹಸಿರು ಗುಂಡಿ. ಚಿಗವ್ವನ ಹೆಸರಿನಲ್ಲಿ ನಾನೇ ಹಿಡಿದೆ. ಆ ಮಧ್ಯಾಹ್ನದ ಪಾಠವನ್ನು ನಾನು ಬಹಳ ಚೆನ್ನಾಗಿ ಮಾಡಿದೆ ಎಂದು ದಿನಚರಿ ಹೇಳುತ್ತದೆ. ಅದನ್ನು ನಂಬುತ್ತೇನೆ.

ಸಂಜೆ ಸಿಸ್ಟರಿಗೆ ತಿಳಿಸೋಣವೆಂದು ಕೇಂದ್ರಕ್ಕೇ ಹೋದೆ. "ಇನ್ನ ಮ್ಯಾಲ ಸೋಮಾರ ತಪ್ಪಂಗಿಲ್ರಿ. ಗಾಡಿ ಸರಿ ಆಗೇತಿ."

ಅವರು ಕೈಗವಸು ತೆಗೆಯುತ್ತಿದ್ದವರು ನಿಂತರು. "ಬಾಯಾರ, ಸೋಮಾರದ ಕುರ್ಚಿ ಹೋತಲ್ರಿ. ನಾ ಹೇಳಿದ್ನಲ್ಲ ನಿಮಗ, ಹಿಂಗ ಬಿಡಕೋತ ಹೋದ್ರ ಬ್ಯಾರೆಯವರಿಗೆ ಕೊಡತಾರ ಅಂತ. ಸಾಲಿನ್ಯಾಗ ಕಾಯೋರು ಎಷ್ಟ ಮಂದಿ ಅದಾರ. ಕುರ್ಚಿ ಖಾಲಿ ಇಡಾಕ ಬರಂಗಿಲ್ರಿ."

ಅವರು ಹಾಗೆ ಹೇಳಿದ್ದು ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಅವರು ಸುಳ್ಳು ಹೇಳುವವರಲ್ಲ. ಗುರುವಾರದ ಕುರ್ಚಿ ಚಿಗವ್ವನಿಗೆ ಉಳಿದಿದೆ, ಇನ್ನೊಂದಕ್ಕೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು ಎಂದರು. ಡಾಕ್ಟರರನ್ನು ಕಂಡೆ. ಕೇಂದ್ರ ನಡೆಸುವ ಟ್ರಸ್ಟಿನವರನ್ನು ಕಂಡೆ. ವೆಬ್‌ಸೈಟಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಯಾರದೂ ತಪ್ಪಿಲ್ಲ ಬಿಡ್ರಿ," ಎಂದರು. ಯಾರದಾದರೂ ತಪ್ಪಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ ವಿಚಾರಿಸಿದೆ. ಅಲ್ಲಿಯೂ ಸಾಲು, ಜೊತೆಗೆ ಆ ದೂರವನ್ನು ಚಿಗವ್ವನ ಮೈ ತಾಳುವುದಿಲ್ಲ.

ಸಿಸ್ಟರ್ ಒಂದೇ ಒಂದು ದಾರಿ ತೋರಿಸಿದರು. ಸೋಮವಾರ ಬಂದು ಬೆಂಚಿನ ಮೇಲೆ ಕುಳಿತಿರಲಿ. ಆ ದಿನದವರಲ್ಲಿ ಯಾರಾದರೂ ಬರದಿದ್ದರೆ ಆ ಕುರ್ಚಿ ಚಿಗವ್ವನಿಗೆ.

ಹೀಗೆ ಚಿಗವ್ವ ಈಗ ಪ್ರತಿ ಸೋಮವಾರ ಸಂಘದ ವ್ಯಾನಿನಲ್ಲಿ ಬರುತ್ತಾಳೆ. ವ್ಯಾನು ರಾಮದುರ್ಗದ ಕಡೆಯಿಂದ ಹೊರಡುತ್ತದೆ. ಅದರಲ್ಲಿ ಅವಳಿಗಿಂತ ಮೊದಲೇ ತೊರಗಲ್ಲಿನ ಒಬ್ಬ ಕಾಕಾ ಹತ್ತಿರುತ್ತಾರೆ. ಚಿಗವ್ವನ ಕುರ್ಚಿ ಸಿಕ್ಕಿರುವುದು ಅವರಿಗೆ. ಸೋಮವಾರ ಬರುವುದು ಹೇಗೆ ಎಂದು ಅವರೂ ಚಿಂತೆಯಲ್ಲಿದ್ದರಂತೆ. ಅಷ್ಟರಲ್ಲಿ ವೆಬ್‌ಸೈಟು ಸರಿಯಾಯಿತು.

ಮೊದಲ ಸೋಮವಾರ ಪಾಠದ ನಡುವೆ ಅರ್ಧ ಗಂಟೆ ಕೇಳಿಕೊಂಡು ಕೇಂದ್ರಕ್ಕೆ ಓಡಿದ್ದೆ. ಇಬ್ಬರೂ ವ್ಯಾನಿನಿಂದ ಇಳಿಯುತ್ತಿದ್ದರು. ಕಾಕಾ ಬಾಗಿಲಿನಲ್ಲಿಯೇ ಹಿಂದೆಮುಂದೆ ನೋಡುತ್ತ ನಿಂತರು.

"ಯಕ್ಕಾ, ಇವತ್ತ ನೀನ ಕುಂದರ. ನಾ ಗುರುವಾರ ನೋಡತೇನಿ."

"ಗುರುವಾರ ನನಗ ಐತೋ. ನಿನಗೆಲ್ಲಿ ಐತಿ? ನಿಂದು ಇನ್ನೊಂದು ಸರದಿ ಶುಕ್ರವಾರ, ಅಲ್ಲೀತನಕ ತಡೀತಿ ಏನ?"

"ನಿನ್ನ ಕಾಲು ನೋಡಿದ್ರ ನನಗ ಒಳಗ ಹೋಗಾಕ ಮನಸಾಗವಲ್ದು."

"ಹಂಗಾರ ನೋಡಬ್ಯಾಡ. ಮ್ಯಾಲ ನೋಡ್ಕೋತ ನಡಿ. ಮೆಟ್ಟಲ ಅದಾವ, ಎಡವಿಗಿಡವಿ ಬಿದ್ದಿ, ಆಮ್ಯಾಲ ನಾ ದೇವರಿಗೆ ಬೇಡ್ಕೊಂಡು ಬೀಳಿಸಿದ್ನಿ ಅಂತಾರ ಮಂದಿ."

ಅವರು ನಕ್ಕು ಒಳಗೆ ಹೋದರು. ಚಿಗವ್ವ ಬೆಂಚಿನ ಮೇಲೆ ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ಹೊರಗೆ ಯಾವುದೇ ಆಟೋ ನಿಂತರೂ ಯಾರು ಇಳಿಯುತ್ತಾರೆಂದು ಇಣುಕಿ ನೋಡುತ್ತಿದ್ದೆ. ಒಬ್ಬ ಹುಡುಗಿ ತಾಯಿಯ ಕೈ ಹಿಡಿದು ಬಂದಳು, ಕಿತ್ತೂರಿನವಳಂತೆ. ಅವಳು ಒಳಗೆ ಹೋಗುವವರೆಗೂ ನಾನು ನೆಲ ನೋಡುತ್ತಿದ್ದೆ. ಅವಳು ಬರದಿರಲಿ ಎಂದು ನಾನು ಅಂದುಕೊಂಡೆನೇ? ಅಂದುಕೊಂಡೆ. ಇದರಲ್ಲಿ ನೆನಪಿನ ಗೊಂದಲವೇನೂ ಇಲ್ಲ.

ಒಂದೆರಡು ಸಲ ಕುರ್ಚಿ ಸಿಕ್ಕಿದ್ದುಂಟು. ಒಮ್ಮೆ ಯಾರದೋ ಮನೆಯಲ್ಲಿ ಸೂತಕ, ಒಮ್ಮೆ ಒಬ್ಬರನ್ನು ಬೇರೆ ಆಸ್ಪತ್ರೆಗೆ ಒಯ್ದಿದ್ದರು. ಉಳಿದ ಸೋಮವಾರಗಳಲ್ಲಿ ಎಲ್ಲರೂ ಬರುತ್ತಾರೆ. ಈಗ ಗಾಡಿ ಸಿಗುತ್ತದಲ್ಲ, ತಪ್ಪಿಸುವವರು ಕಡಿಮೆ.

ಮೊನ್ನೆಯೂ ಹೋಗಿದ್ದೆ. ಸಿಸ್ಟರ್ ಬಾಗಿಲು ಅರ್ಧ ತೆರೆದು, ಚಿಗವ್ವನ ಮುಖ ನೋಡದೆ, "ಇವತ್ತ ಎಲ್ಲಾರೂ ಬಂದಾರ್ರಿ," ಎಂದರು.

"ಬರ್ಲಿ ಬಿಡವ್ವಾ, ಚಲೋ ಆತು," ಎಂದಳು ಚಿಗವ್ವ.

ಅವಳನ್ನು ನನ್ನ ಮನೆಗೆ ಕರೆದೆ, ಮಲಗಿಕೊಂಡಿರು ಎಂದೆ. ನಡುವೆ ಯಾರಿಗಾದರೂ ತ್ರಾಸಾಗಿ ಎಬ್ಬಿಸಿದರೆ ಕುರ್ಚಿ ಖಾಲಿಯಾಗಬಹುದು, ಇಲ್ಲಿಯೇ ಇರುತ್ತೇನೆ ಎಂದಳು. ವ್ಯಾನು ಹೊರಡುವುದು ಕಾಕಾ ಅವರದು ಮುಗಿದ ಮೇಲೆಯೇ. ಅಲ್ಲಿಯವರೆಗೂ ಅವಳು ಆ ಬೆಂಚಿನ ಮೇಲೆ, ಕಾಲನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಂಡು, ಬಾಗಿಲಿನ ಕಡೆ ಮುಖ ಮಾಡಿ ಕುಳಿತಿರಬೇಕು. ನನ್ನ ಪಾಠದ ಹೊತ್ತಾಗಿತ್ತು. "ನೀ ಹೋಗವ್ವಾ, ಹುಡುಗೂರು ಕಾಯತಿರ್ತಾವ," ಎಂದಳು. ನಾನು ಹೋದೆ.